ಹಿಂಗಾರಿ ಜೋಳದ ಪಟ್ಟೆ ರೋಗ: ನನ್ನ ಅನುಭವ

ಸೋಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನ ನಮ್ಮ ಎರೆಹೊಲದಲ್ಲಿ ಹಿಂಗಾರಿಗೆ ಬಿತ್ತುವುದು ಬಿಳಿಜೋಳ. ಅದರಲ್ಲೂ 1930ರ ದಶಕದಲ್ಲಿ ನಮ್ಮ ಜಿಲ್ಲೆಯದೇ ಆದ ಮೋಹೋಳದಲ್ಲಿ ಮಾಲದಂಡಿ ಎಂಬ ನಾಟಿ ಜೋಳದಿಂದ ಆಯ್ದು ತೆಗೆದ ಎಂ 35-1 ತಳಿ. ಬಾವಿಯ ನೀರು ತಲುಪುವಷ್ಟು ಜಾಗದಲ್ಲಿ ಗೋಧಿ ಇರುತ್ತದೆ. ಬಾವಿಯ ದಂಡೆಗೆ ಎಮ್ಮೆಗಳಿಗೆಂದು ಕಡವಳ ಎನ್ನುವ ಹಸಿ ಮೇವಿನ ಜೋಳವೋ ಮೆಕ್ಕೆಜೋಳವೋ ಹೆಚ್ಚುಕಡಿಮೆ ವರ್ಷವಿಡೀ ನಿಂತಿರುತ್ತಿತ್ತು. ಈ ಮೇವಿನ ಮಡಿಯೇ ಜೋಳದ ಪಟ್ಟೆ ರೋಗದ ತವರು ಎಂಬುದು, ರೋಗ ಕಂಡ ಗಿಡಗಳ ಪಕ್ಕ ಕಡ್ಡಿ ನೆಡುತ್ತ ಹೋದಾಗ ನನಗೆ ಸ್ಪಷ್ಟವಾಯಿತು: ಬಾವಿಯ ಕಡೆಯ ಸಾಲುಗಳಲ್ಲಿ ಕಡ್ಡಿಗಳು ದಟ್ಟವಾಗಿದ್ದವು, ದೂರ ಸರಿದಂತೆ ವಿರಳವಾಗುತ್ತಿದ್ದವು.

ಈ ರೋಗವನ್ನು ಗುರುತಿಸುವುದು ಅಷ್ಟು ಸುಲಭವಲ್ಲ, ಏಕೆಂದರೆ ಎರೆಮಣ್ಣಿನ ಜೋಳದ ಗರಿಯಲ್ಲಿ ಹಳದಿ ಗೆರೆ ಮೂಡಲು ಬೇರೆ ಕಾರಣಗಳೂ ಇವೆ. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣ ಸಾಲದಿದ್ದರೆ ಎಳೆಯ ಗರಿಗಳು ನರಗಳ ನಡುವೆ ಬಿಳಿಚಿಕೊಳ್ಳುತ್ತವೆ. ಆದರೆ ಅದು ಒಂದೊಂದು ಗಿಡಕ್ಕಲ್ಲ, ಹೊಲದ ಒಂದು ಭಾಗಕ್ಕೇ ಬರುತ್ತದೆ, ಮತ್ತು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಬೆರೆಸಿ ಸಿಂಪಡಿಸಿದರೆ ಹೊಸ ಗರಿಗಳು ಹಸಿರಾಗುತ್ತವೆ. ಕೇದಿಗೆ ರೋಗದಲ್ಲಿಯೂ ಪಟ್ಟೆಗಳಿರುತ್ತವೆ, ಆದರೆ ಅದು ಶಿಲೀಂಧ್ರದಂತಹ ಜೀವಿಯಿಂದ ಬರುವಂಥದ್ದು. ಇಬ್ಬನಿ ಇರುವ ಮುಂಜಾನೆ ಗರಿಯ ಕೆಳಮೈಯಲ್ಲಿ ಬಿಳಿಯ ಬೂಸ್ಟು ಕಾಣುತ್ತದೆ, ಮುಂದೆ ಗರಿಗಳು ಎಳೆ ಎಳೆಯಾಗಿ ಸೀಳುತ್ತವೆ. ಪಟ್ಟೆ ರೋಗ ವೈರಸ್ಸಿನಿಂದ ಬರುವಂಥದ್ದು, ಅದು ತಗುಲಿದ ಗಿಡದಲ್ಲಿ ಬೂಸ್ಟು ಇರುವುದಿಲ್ಲ. ನರಗಳಿಗೆ ಸಮಾಂತರವಾಗಿ ಹಳದಿ ಪಟ್ಟೆಗಳು ಓಡಿರುತ್ತವೆ, ಗೆಣ್ಣುಗಳ ಅಂತರ ಕುಗ್ಗಿ ಗಿಡ ಗಿಡ್ಡಾಗಿರುತ್ತದೆ, ಬೇಗ ತಗುಲಿದ್ದರೆ ತೆನೆ ಸುಳಿಯಿಂದ ಹೊರಬರುವುದೇ ಇಲ್ಲ. ಸೋಲಾಪುರದಲ್ಲಿ ಹಿಂಗಾರಿ ಜೋಳಕ್ಕೆಂದೇ ಸಂಶೋಧನಾ ಕೇಂದ್ರವಿದೆ. ಸಂಶಯವಿದ್ದಾಗ ಬೇರುಸಹಿತ ಗಿಡವನ್ನು ಒಯ್ದು ತಿಳಿದವರಿಗೆ ತೋರಿಸುವುದು ಔಷಧದ ಅಂಗಡಿಗೆ ಹೋಗುವುದಕ್ಕಿಂತ ಅಗ್ಗ.

ಈ ವೈರಸ್ಸನ್ನು ಹೊತ್ತು ತರುವುದು ಸುಳಿ ತಿಗಣೆ ಎಂಬ ಸಣ್ಣ ಹುಳು. ಸುಳಿಯೊಳಗೆ ಮತ್ತು ಗರಿಯ ಬುಡದ ಸಂದಿನಲ್ಲಿ ಗುಂಪಾಗಿ ಕುಳಿತು ರಸ ಹೀರುತ್ತದೆ, ಗರಿಯ ನಡುನರವನ್ನು ಸೀಳಿ ಒಳಗೆ ಮೊಟ್ಟೆ ಇಟ್ಟು ಬಿಳಿಯ ಮೇಣದಂಥ ವಸ್ತುವಿನಿಂದ ಮುಚ್ಚುತ್ತದೆ. ಅಲ್ಲಿ ನರ ಕೆಂಪಾಗುತ್ತದೆ. ಸುಳಿಯ ಸುತ್ತ ಇರುವೆಗಳು ಓಡಾಡುತ್ತಿದ್ದರೆ ನಾನು ಗರಿಯನ್ನು ಬಿಡಿಸಿ ನೋಡುತ್ತೇನೆ, ಏಕೆಂದರೆ ತಿಗಣೆಯ ಸಿಹಿ ಅಂಟಿಗಾಗಿಯೇ ಅವು ಬರುವುದು. ಗಿಡ್ಡ ರೆಕ್ಕೆಯವು ಇದ್ದಲ್ಲೇ ಸಂಸಾರ ಹೂಡುತ್ತವೆ, ಉದ್ದ ರೆಕ್ಕೆಯವು ಹಾರಿ ಹೊಸ ಬೆಳೆಗೆ ಹೋಗುತ್ತವೆ.

ಇಲ್ಲಿ ತಿಳಿಯಲೇಬೇಕಾದದ್ದು, ರೋಗ ಹೊತ್ತ ಹುಳುವಿಗೂ ವೈರಸ್ಸಿಗೂ ಇರುವ ಸಂಬಂಧ. ಪಟ್ಟೆ ರೋಗದ ವೈರಸ್ಸು ತಿಗಣೆಯ ಮೈಯೊಳಗೇ ವೃದ್ಧಿಯಾಗುತ್ತದೆ, ಮೊಟ್ಟೆಯ ಮೂಲಕ ಮರಿಗೂ ದಾಟುತ್ತದೆ. ಅಂದರೆ ರೋಗದ ಗಿಡವನ್ನು ಎಂದೂ ಮುಟ್ಟದ ಮರಿಯೂ ರೋಗ ಹರಡಬಲ್ಲದು. ಗಿಡಹೇನು ಹರಡುವ ಮೊಸಾಯಿಕ್ ಜಾತಿಯ ರೋಗಗಳಲ್ಲಿ ಹೀಗಲ್ಲ. ನಮ್ಮ ಕಡೆ ‘ಮಾವಾ’ ಎನ್ನುವ ಆ ಹೇನು ಕೆಲವೇ ಕ್ಷಣ ಚುಚ್ಚಿ ವೈರಸ್ಸನ್ನು ಮೂತಿಗೆ ಅಂಟಿಸಿಕೊಂಡು ಮುಂದಿನ ಗಿಡಕ್ಕೆ ದಾಟಿಸಿಬಿಡುತ್ತದೆ, ಕೆಲವು ಗಂಟೆಗಳಲ್ಲಿ ತಾನೇ ಕಳೆದುಕೊಳ್ಳುತ್ತದೆ. ಅಂಥ ಕಡೆ ಔಷಧ ಹೊಡೆದರೆ ಹೇನು ಸಾಯುವ ಮೊದಲೇ ಕೆಲಸ ಮುಗಿದಿರುತ್ತದೆ. ತಿಗಣೆಯ ವಿಷಯದಲ್ಲಿ ಹುಳುವನ್ನು ಕೊಲ್ಲುವುದಕ್ಕೆ ಅರ್ಥವಿದೆ, ಆದರೆ ಅದು ಬೆಳೆಗೆ ಬರುವ ಮೊದಲು ಮತ್ತು ಬಂದ ಆರಂಭದಲ್ಲಿ ಮಾತ್ರ. ತಗುಲಿದ ಗಿಡವನ್ನು ಗುಣಪಡಿಸುವ ಔಷಧ ಯಾವುದೂ ಇಲ್ಲ.

ಆದ್ದರಿಂದ ನಾನು ಮೊದಲು ಕೈ ಹಾಕಿದ್ದು ಮೇವಿನ ಮಡಿಗೆ. ಆಗಸ್ಟ್ ಮುಗಿಯುವುದರೊಳಗೆ ಕಡವಳ, ಮೆಕ್ಕೆಜೋಳ ಎಲ್ಲವನ್ನೂ ಕೊಯ್ದು, ಕೂಳೆಯನ್ನು ರಂಟೆ ಹೊಡೆದು ಕಿತ್ತು, ಬದುವಿನ ಮೇಲೆ ತಾನಾಗಿ ಹುಟ್ಟಿದ ಜೋಳವನ್ನೂ ಬಿಡದೆ ತೆಗೆಸಿದೆ. ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ಕೂರಿಗೆ ಹೂಡುವ ಹೊತ್ತಿಗೆ ಹೊಲದಲ್ಲಿ ತಿಗಣೆಗೆ ಕುಳಿತುಕೊಳ್ಳಲು ಹಸಿರು ಜೋಳದ ಗಿಡವೊಂದೂ ಇರಬಾರದು ಎಂಬುದು ಲೆಕ್ಕ. ಮಡಿಯಲ್ಲಿ ಲಸೂಣಘಾಸು, ಅಂದರೆ ಕುದುರೆ ಮೆಂತ್ಯ, ಹಾಕಿದೆ. ಅದು ದ್ವಿದಳ, ಈ ತಿಗಣೆಗೆ ಬೇಡ. ಎಮ್ಮೆಗಳು ಮೊದಮೊದಲು ಗೊಣಗಿದವು, ಹಾಲೂ ತುಸು ಇಳಿಯಿತು. ಇದು ಖರ್ಚಿಲ್ಲದ ಉಪಾಯವೆಂದು ನಾನು ಹೇಳಲಾರೆ.

ಬೀಜಕ್ಕೆ ಕೆ.ಜಿ.ಗೆ 10 ಮಿ.ಲೀ.ನಂತೆ ಥಯಾಮೆಥಾಕ್ಸಾಮ್ 30 ಎಫ್‌ಎಸ್ ಎಂಬ ಕೀಟನಾಶಕ ಹಚ್ಚುತ್ತೇನೆ. ಅದನ್ನು ಹೇಳಿರುವುದು ಸುಳಿ ನೊಣಕ್ಕೆ, ಆದರೆ ಎಳೆಯ ಸಸಿಯ ರಸ ಹೀರಲು ಬರುವ ಹುಳುಗಳಿಗೂ ಮೊದಲ ಕೆಲವು ವಾರ ಅದರ ಬಿಸಿ ತಟ್ಟುತ್ತದೆ. ಅನಂತರ ಎಡೆ ಹೊಡೆಯುವಾಗ ಪಟ್ಟೆ ಕಂಡ ಸಸಿಗಳನ್ನು ಬೆಳಗಿನ ತಂಪಿನಲ್ಲಿ, ತಿಗಣೆಗಳು ಇನ್ನೂ ಚುರುಕಾಗುವ ಮೊದಲು, ಸುಳಿಯನ್ನು ಗೊಬ್ಬರದ ಚೀಲದೊಳಗೆ ತೂರಿಸಿ ನಂತರ ಕೀಳಿಸುತ್ತೇನೆ. ಹಾಗೆಯೇ ಕಿತ್ತು ಬದುವಿಗೆ ಎಸೆದರೆ ಗಿಡ ಒಣಗುತ್ತದೆ, ತಿಗಣೆ ಪಕ್ಕದ ಸಾಲಿಗೆ ಹೋಗುತ್ತದೆ. ಕಿತ್ತದ್ದನ್ನು ದನಕ್ಕೆ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಸಸ್ಯದ ವೈರಸ್ಸು ದನಕ್ಕೆ ಏನೂ ಮಾಡದು, ನಿಜ. ಆದರೆ ಎಳೆಯ, ಕುಂಠಿತವಾದ ಹಸಿ ಜೋಳದಲ್ಲಿ ಸೈನೈಡ್ ವಿಷ ಹುಟ್ಟುವುದರಿಂದ ದನ ಸಾಯುವ ಅಪಾಯವಿದೆ. ನಾನು ಅದನ್ನು ತಿಪ್ಪೆಯ ಆಳದಲ್ಲಿ ಹೂಳುತ್ತೇನೆ.

ಗೋಧಿಯ ಮಾತು ಬೇರೆ. ಅಲ್ಲಿ ಭಯಪಡಬೇಕಾದದ್ದು 1951ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲು ವರ್ಣಿಸಲ್ಪಟ್ಟ ಬಾರ್ಲಿ ಯೆಲ್ಲೋ ಡ್ವಾರ್ಫ್ ವೈರಸ್ಸು. ಅದನ್ನು ಹರಡುವ ಹೇನು ಬದುಕಿರುವವರೆಗೂ ಹೊತ್ತಿರುತ್ತದೆ, ಆದರೆ ಮರಿಗೆ ದಾಟಿಸುವುದಿಲ್ಲ. ಗರಿ ತುದಿಯಿಂದ ಹಳದಿಯಾಗಿ ಗಿಡ ಗಿಡ್ಡಾಗುವುದರಿಂದ ಯೂರಿಯಾ ಸಾಲದು ಎಂದು ಭಾವಿಸುವವರೇ ಹೆಚ್ಚು. ನಾನು ನವೆಂಬರ್ ಮೊದಲಾರ್ಧ ಮೀರದಂತೆ ಗೋಧಿ ಬಿತ್ತುತ್ತೇನೆ, ಹೇನು ಏರುವ ಹೊತ್ತಿಗೆ ಬೆಳೆ ಬಲಿತಿರಲಿ ಎಂದು. ಹೇನು ತಿನ್ನುವ ಗುಲಗಂಜಿ ಹುಳುಗಳು ಕಂಡರೆ ಔಷಧದ ಪಂಪು ಮುಟ್ಟುವುದಿಲ್ಲ.

ಬಾವಿಯ ಕಡೆಯ ಸಾಲುಗಳಲ್ಲಿ ಈಗ ಪಟ್ಟೆ ಅಲ್ಲೊಂದು ಇಲ್ಲೊಂದು. ಈಗ ಕಡ್ಡಿಗಳು ಹೆಚ್ಚು ಬೀಳುವುದು ಉತ್ತರದ ಬದುವಿನ ಪಕ್ಕ, ಅದರಾಚೆ ನೆರೆಯ ಕಾಕಾ ಅವರ ಕಡವಳವಿದೆ. ಕೇಳಿದಾಗ ಅವರು, “ನಿನ್ನ ಹುಳಕ್ಕ ಬದು ಗೊತ್ತಾಗಂಗಿಲ್ಲೇನೋ ತಮ್ಮಾ?” ಎಂದು ನಕ್ಕರು, ಆದರೂ ಆಗಸ್ಟಿನಲ್ಲಿ ಕೊಯ್ಯಲು ಒಪ್ಪಿದ್ದಾರೆ. ಕೂಳೆ ಕೀಳಲು ಮಾತ್ರ ಇನ್ನೂ ಒಪ್ಪಿಲ್ಲ. ಮಳೆಯಾದರೆ ಅದು ಚಿಗುರುತ್ತದೆ, ತಿಗಣೆಗೆ ಅಷ್ಟು ಚಿಗುರೇ ಸಾಕು. ಈ ಸಲ ರಂಟೆ ಹೊಡೆದ ಬಾಡಿಗೆಯನ್ನು ನಾನೇ ಕೊಡುತ್ತೇನೆಂದು ಹೇಳಿ ಬಂದಿದ್ದೇನೆ.