ಹಳೇ ಜೀಪು ಕೊಳ್ಳುವ ಮುಂಚೆ ಅದರ ಎಫ್‌ಸಿ ಜಾತಕ ನೋಡಿದ್ದು: ನನ್ನ ಅನುಭವ

ಕೊಡಗಿನಲ್ಲಿ ಹಳೇ ಜೀಪಿಗೆ ಗಿರಾಕಿ ಇಲ್ಲದ ಕಾಲ ಅಂತ ಇಲ್ಲ. ಗಾಳಿಬೀಡು ಕಡೆ ಏರಿನಲ್ಲಿ ತೋಟ ಇದ್ದವರಿಗೆ ಮಳೆಗಾಲದಲ್ಲಿ ಫೋರ್‌ವೀಲ್ ಇಲ್ಲದಿದ್ದರೆ ಗೊಬ್ಬರದ ಮೂಟೆ ಮೇಲಕ್ಕೆ ಹೋಗುವುದಿಲ್ಲ. ನನಗೆ ಬೇಕಾದದ್ದೂ ಅಂಥದ್ದೇ ಕೆಲಸಕ್ಕೆ. ಮಹೀಂದ್ರಾ ಎಂಎಂ 540 ಇಲ್ಲವೇ ಮಾರುತಿ ಜಿಪ್ಸಿ, ಎರಡರಲ್ಲಿ ಯಾವುದಾದರೂ ಸರಿ ಅಂತ ಹುಡುಕಲು ಹೊರಟೆ.

ಯಾವ ಬ್ರೋಕರ್ ಹತ್ತಿರ ಹೋದರೂ ಮೊದಲ ಮಾತು ಒಂದೇ: "ಎಫ್‌ಸಿ ಕರೆಂಟ್ ಇದೆ ಸಾರ್, ತಲೆಬಿಸಿ ಇಲ್ಲ." ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್ ಇನ್ನೂ ಚಾಲ್ತಿಯಲ್ಲಿದೆ ಅಂತ ಅದರ ಅರ್ಥ. ತಲೆಬಿಸಿ ಶುರುವಾಗುವುದೇ ಅಲ್ಲಿಂದ. ಬಿಳಿ ಬೋರ್ಡಿನ ಗಾಡಿಗೆ ನೋಂದಣಿಯಾದ ದಿನದಿಂದ 15 ವರ್ಷ ಯಾರೂ ಪರೀಕ್ಷೆ ಮಾಡುವುದಿಲ್ಲ. ಆಮೇಲೆ ಐದು ವರ್ಷಕ್ಕೊಮ್ಮೆ ಬ್ರೇಕ್ ಇನ್ಸ್‌ಪೆಕ್ಟರ್ ಮುಂದೆ ನಿಲ್ಲಿಸಿ ನವೀಕರಿಸಬೇಕು. ಹಳದಿ ಬೋರ್ಡಿಗಾದರೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ನಂತರ ವರ್ಷ ವರ್ಷ ಎಫ್‌ಸಿ. ಹಾಗಾಗಿ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತ ಜೀಪಿನ ಕಾಗದ ದಪ್ಪಗಿರುತ್ತದೆ, ತೋಟದ ಜೀಪಿನದು ತೆಳ್ಳಗೆ. ದಪ್ಪ ಕಾಗದ ಅಂದರೆ ಒಳ್ಳೆ ಗಾಡಿ ಅಂತಲ್ಲ. ಅದು ಕಲ್ಲುದಾರಿಯಲ್ಲಿ ಎಷ್ಟು ಸವೆದಿದೆ ಅನ್ನುವುದೂ ಅಲ್ಲೇ ತಿಳಿಯುತ್ತದೆ. ಹಳದಿಯಿಂದ ಬಿಳಿಗೆ ಬದಲಾದ ಜೀಪುಗಳೂ ಮಾರಾಟಕ್ಕೆ ಬರುತ್ತವೆ, ಬ್ರೋಕರ್ ಆ ವಿಷಯ ತಾನಾಗಿ ಎತ್ತುವುದಿಲ್ಲ.

ನಾನು ಮೊದಲು ಮಾಡುತ್ತಿದ್ದದ್ದು ನಂಬರ್ ಕೇಳಿ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕುವುದು. ನೋಂದಣಿ ದಿನಾಂಕ, ಫಿಟ್‌ನೆಸ್ ಎಲ್ಲಿಯವರೆಗೆ, ಇನ್ಶೂರೆನ್ಸ್, ಹೊಗೆ ತಪಾಸಣೆ, ಸಾಲ ಕೊಟ್ಟವರ ಹೆಸರು, ಇಷ್ಟು ಕೂತಲ್ಲೇ ಸಿಗುತ್ತದೆ. 1996ರ ಗಾಡಿಯಾದರೆ ನವೀಕರಣ 2011, 2016, 2021 ಹೀಗೆ ಬರಬೇಕು. ಆ್ಯಪ್‌ನಲ್ಲಿರುವ ಫಿಟ್‌ನೆಸ್ ದಿನಾಂಕ ಈ ಲೆಕ್ಕಕ್ಕೆ ಕೂಡದಿದ್ದರೆ ನಡುವೆ ಗಾಡಿ ಎಲ್ಲಿತ್ತು, ಏನು ಮಾಡುತ್ತಿತ್ತು ಅಂತ ಕೇಳಲೇಬೇಕು. ಶೆಡ್ಡಿನಲ್ಲಿ ನಿಂತಿತ್ತು ಅಂದರೆ ಪರವಾಗಿಲ್ಲ, ಬ್ರೇಕ್ ಸಿಲಿಂಡರ್, ರಬ್ಬರು, ವೈರಿಂಗ್‌ಗೆ ದುಡ್ಡು ಎತ್ತಿಟ್ಟರಾಯಿತು. ಎಫ್‌ಸಿ ಇಲ್ಲದೆ ಓಡುತ್ತಿತ್ತು ಅಂದರೆ ಆಗ ಇನ್ಶೂರೆನ್ಸ್ ಇತ್ತೇ, ಅಪಘಾತ ಆಗಿತ್ತೇ ಅನ್ನುವ ಪ್ರಶ್ನೆ ಹಿಂದೆಯೇ ಬರುತ್ತದೆ.

ಆದರೆ ಆ್ಯಪ್ ತೋರಿಸುವುದು ಇವತ್ತಿನ ಸ್ಥಿತಿ ಮಾತ್ರ. ಹಿಂದಿನದು ಬೇಕಾದರೆ ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರಾಕ್ಟ್, ಅಂದರೆ ಅವರ ರಿಜಿಸ್ಟರಿನಲ್ಲಿರುವ ಆ ಗಾಡಿಯ ದಾಖಲೆಯ ನಕಲು ತೆಗೆಸಬೇಕು. ಕೊಡಗಿನ ಕೆಎ 12 ಗಾಡಿಗಳ ದಾಖಲೆ ಇರುವುದು ಮಡಿಕೇರಿಯಲ್ಲಿ. ಅರ್ಜಿ ಮಾಲೀಕರ ಕೈಯಲ್ಲೇ ಹಾಕಿಸಿದೆ, ಶುಲ್ಕ ನಾನು ಕೊಟ್ಟೆ. ಗಾಡಿ ಎಷ್ಟು ಕೈ ಬದಲಾಗಿದೆ, ಸಾಲ ಏರಿ ಇಳಿದದ್ದು, ಇಂಜಿನ್ ಅಥವಾ ಬಾಡಿ ಬದಲಾವಣೆ ನಮೂದಾಗಿದೆಯೇ ಅನ್ನುವುದೆಲ್ಲ ಅದರಲ್ಲಿ ನೋಡಬಹುದು. "ಅದೆಲ್ಲ ಯಾಕೆ, ಆರ್‌ಸಿ ಇದೆಯಲ್ಲ" ಅಂದವರ ಗಾಡಿ ಮತ್ತೆ ನೋಡಲು ಹೋಗಲಿಲ್ಲ.

ಕಾಗದ ಕೈಗೆ ಬಂದ ಮೇಲೆ ಜೀಪಿನ ಕೆಳಗೆ ಮಲಗುವ ಕೆಲಸ. ಸಿದ್ದಾಪುರ ಕಡೆಯ ಒಂದು ತೋಟದ ಎಂಎಂ 540 ನೋಡಿದ್ದು ಹೀಗೆ. ಚಾಸಿಸ್ ನಂಬರಿನ ಮೇಲೆ ಕೆಸರು, ಗ್ರೀಸು, ಅದರ ಮೇಲೊಂದು ಕೋಟು ಕಪ್ಪು ಪೇಂಟು. ವೈರ್ ಬ್ರಷ್‌ನಲ್ಲಿ ಉಜ್ಜಿ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ತೆಳು ಕಾಗದ ಒತ್ತಿ ಹಿಡಿದು ಪೆನ್ಸಿಲ್ ಅಡ್ಡ ಮಲಗಿಸಿ ತಿಕ್ಕಿದೆ. ಇನ್ಸ್‌ಪೆಕ್ಟರ್‌ಗಳು ಪ್ರಿಂಟ್ ತೆಗೆಯುವುದೂ ಹಾಗೆಯೇ. ಅಂಕಿಗಳು ಒಂದೇ ಆಳದಲ್ಲಿ, ಒಂದೇ ಸಾಲಿನಲ್ಲಿ ಮೂಡಿದವು. ಸುತ್ತ ಗ್ರೈಂಡರ್ ಗೆರೆ ಇಲ್ಲ, ಹೊಸ ವೆಲ್ಡಿಂಗ್ ಇಲ್ಲ. ಬಿ ಎಕ್ಸ್‌ಟ್ರಾಕ್ಟ್ ಪಕ್ಕದಲ್ಲಿಟ್ಟು ಒಂದೊಂದೇ ಅಂಕಿ ಓದಿದೆ, ಸರಿ ಇತ್ತು. ಹಳೇ ಪುಸ್ತಕದಿಂದ ಕಂಪ್ಯೂಟರಿಗೆ ಏರಿಸುವಾಗ 3 ಹೋಗಿ 8 ಆಗಿರುವುದೂ ಉಂಟು. ಅಂಥದ್ದನ್ನು ಮಾರುವವರೇ ತಿದ್ದಿಸಿ ಕೊಡಬೇಕು, ಕೊಂಡ ಮೇಲೆ ನಮ್ಮ ಮಾತು ಯಾರೂ ಕೇಳುವುದಿಲ್ಲ.

ಇಂಜಿನ್ ನಂಬರ್ ಮಾತ್ರ ತಾಳೆಯಾಗಲಿಲ್ಲ.

ತೋಟದ ಲೆಕ್ಕ ಬರೆಯುವ ರೈಟರ್ ಗಾಬರಿಯಾಗಲಿಲ್ಲ. "ಇಂಜಿನ್ ಬದಲಾಯಿಸಿದ್ದೇವೆ, ಬಿಲ್ ಇದೆ" ಅಂತ ಒಳಗೆ ಹೋಗಿ ಫೈಲಿನ ಜೊತೆ ಜೀಪಿನ ಲಾಗ್‌ಬುಕ್ಕನ್ನೂ ತಂದರು. ಹಳೇ ತೋಟಗಳಲ್ಲಿ ಡೀಸೆಲ್ ಲೆಕ್ಕಕ್ಕೆ ಇಂಥ ಪುಸ್ತಕ ಇಡುತ್ತಾರೆ. ಯಾವ ದಿನ ಎಷ್ಟು ಲೀಟರ್, ಮೀಟರ್ ಎಷ್ಟು, ಪಾಟಾ (ಲೀಫ್ ಸ್ಪ್ರಿಂಗ್) ಮುರಿದದ್ದು, ಆಕ್ಸಲ್ ಹೌಸಿಂಗ್ ಆಯಿಲ್ ಸೀಲ್ ಹಾಕಿದ್ದು, ಎಫ್‌ಸಿಗೆ ಮುಂಚೆ ಏನೇನು ಮಾಡಿಸಿದ್ದು, ಎಲ್ಲ ಬರೆದಿತ್ತು. ಎಫ್‌ಸಿ ಕಾಗದ ಆ ಒಂದು ದಿನದ ಮಟ್ಟಿಗೆ ಪಾಸು ಅನ್ನುತ್ತದೆ. ಪಾಸಾಗಲು ಏನು ಬೇಕಾಯಿತು ಅನ್ನುವುದು ಲಾಗ್‌ಬುಕ್ಕಿನಲ್ಲಿತ್ತು. ನನಗೆ ಆ ಜೀಪಿನ ಮೇಲೆ ಮನಸ್ಸಾದದ್ದು ಆಗಲೇ. ಆದರೂ ಬದಲಾದ ಇಂಜಿನ್ ಆರ್‌ಸಿಯಲ್ಲಿ ನಮೂದಾಗದೆ ಮುಂಗಡ ಕೊಡುವುದಿಲ್ಲ ಅಂದೆ. ಒಪ್ಪಿದರು.

ಇನ್ಶೂರೆನ್ಸ್ ಕಾಗದ ನೋಡಿ 'ಕ್ಲೇಮ್ ಇಲ್ಲ' ಅಂತ ಸಮಾಧಾನ ಪಡುವುದರಲ್ಲಿ ಅರ್ಥವಿಲ್ಲ. ತೋಟದ ಜೀಪಿಗೆ ಸಾಮಾನ್ಯವಾಗಿ ಥರ್ಡ್ ಪಾರ್ಟಿ ಮಾತ್ರ ಕಟ್ಟಿರುತ್ತಾರೆ, ಗುದ್ದಿದರೂ ತಮ್ಮ ಜೀಪಿನ ರಿಪೇರಿಗೆ ಕ್ಲೇಮ್ ಮಾಡಲು ಬರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ 2018 ಮತ್ತು 2019ರ ಆಗಸ್ಟ್ ಮರೆಯುವ ಹಾಗಿಲ್ಲ. ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಕಾವೇರಿ ನೀರು ಮನೆಯೊಳಗೇ ಬಂದಿತ್ತು. ನೀರಲ್ಲಿ ನಿಂತ ಗಾಡಿ ಅನ್ನುವುದನ್ನು ಯಾವ ಕಾಗದವೂ ಹೇಳುವುದಿಲ್ಲ. ಚಾಸಿಸ್‌ನಲ್ಲಿ ಕೆಸರಿದ್ದರೆ ಅದೂ ಪುರಾವೆಯಲ್ಲ, ಇಲ್ಲಿ ಎಲ್ಲ ಜೀಪಿನಲ್ಲೂ ಕೆಂಪು ಮಣ್ಣು ಇದ್ದೇ ಇರುತ್ತದೆ. ಮೇಲೆ ಹುಡುಕಬೇಕು: ಹೆಡ್‌ಲೈಟ್ ಬಟ್ಟಲಿನ ಒಳಗೆ, ಮೀಟರ್ ಹಿಂದೆ, ಡ್ಯಾಶ್‌ಬೋರ್ಡಿನ ವೈರಿಂಗ್ ಗಂಟಿನಲ್ಲಿ. ಅಲ್ಲಿ ನುಣ್ಣನೆಯ ಹೂಳು ಇದ್ದರೆ ಬಿಟ್ಟುಬಿಡಿ. ಹೌಸಿಂಗ್‌ನ ಆಯಿಲ್ ತುಂಬುವ ಬೋಲ್ಟ್ ಬಿಚ್ಚಿ ಬೆರಳು ಅದ್ದಿದಾಗ ಆಯಿಲ್ ಹಾಲು ಕಾಫಿಯ ಬಣ್ಣಕ್ಕಿದ್ದರೆ ಒಳಗೆ ನೀರು ಸೇರಿದೆ. ಹೊಳೆ ದಾಟಿದರೂ ಹೀಗಾಗಬಹುದು, ಅದೊಂದರಿಂದಲೇ ತೀರ್ಮಾನ ಬೇಡ.

ಹೊರಗಿನ ನಂಬರಿನ ಗಾಡಿಗಳ ಗೊಡವೆಗೆ ನಾನು ಹೋಗಲಿಲ್ಲ. ಡೆಲ್ಲಿಯಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗೆ ನಿರ್ಬಂಧ ಬಂದ ಮೇಲೆ ಅಲ್ಲಿಯವು ಅಗ್ಗಕ್ಕೆ ಸಿಗುತ್ತವೆ, ಕೇರಳದವು ಗಡಿಯಲ್ಲಿರುವ ಮಾಕುಟ್ಟ ದಾಟಿದರೆ ಸಾಕು. ಅಲ್ಲಿಯ ಆರ್‌ಟಿಒ ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿಯ ತೆರಿಗೆ, ಮರು ನೋಂದಣಿ ಸೇರಿಸಿ ನೋಡಿದರೆ ಅಗ್ಗ ಅನ್ನುವುದು ಉಳಿಯುವುದಿಲ್ಲ.

ಬೆಲೆ ಮಾತಾಡುವಾಗ ಮುಂದಿನ ನವೀಕರಣದ ಖರ್ಚನ್ನೂ ಇಟ್ಟೆ. 2022ರ ಏಪ್ರಿಲ್‌ಗೆ ಮುಂಚೆ 600 ರೂಪಾಯಿ ಇದ್ದ ಶುಲ್ಕ 5,000 ಆಯಿತು, 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಲಘು ವಾಹನಕ್ಕೆ 10,000 ಮಾಡಿದರು. ಹಸಿರು ತೆರಿಗೆ, ಪೇಂಟು, ಬ್ರೇಕ್ ಕೆಲಸ ಬೇರೆ. ತೋಟದವರು ಸ್ವಲ್ಪ ಗೊಣಗಿದರೂ ಇಳಿಸಿದರು.

ಇಂಜಿನ್ ನಂಬರ್ ಆರ್‌ಸಿಗೆ ಏರಿದ ಮೇಲೆ ಫಾರಂ 29, 30ಕ್ಕೆ ಸಹಿ ಹಾಕಿಸಿ, ವರ್ಗಾವಣೆ ಅರ್ಜಿ ಸಲ್ಲಿಸಿಯೇ ಪೂರ್ತಿ ದುಡ್ಡು ಕೊಟ್ಟೆ. ಲಾಗ್‌ಬುಕ್ಕನ್ನು ಕೇಳಿ ಪಡೆದುಕೊಂಡೆ. ಮುಂದೆ ಕಟ್ಟಿದ್ದ ದೊಡ್ಡ ಬುಲ್‌ಬಾರ್‌ಗೆ ಹೇಗೂ ಅನುಮತಿ ಇಲ್ಲ, ಅದನ್ನು ಬಿಚ್ಚಿ ಅವರ ಶೆಡ್ಡಿನಲ್ಲೇ ಬಿಟ್ಟು ಜೀಪು ಮನೆಗೆ ತಂದೆ.