ಲಂಡನ್‌ಗೆ ಹೊಸಬರೇ? ಸ್ಪೇನ್ ಅಂಗಡಿಯಲ್ಲಿ ಊಟ ಮಾಡುವಾಗ ಇಷ್ಟು ಗೊತ್ತಿರಲಿ

ಮಧ್ಯಾಹ್ನ ಸೂಪರ್‌ಮಾರ್ಕೆಟ್ಟಿನ ತಣ್ಣನೆ ಸ್ಯಾಂಡ್‌ವಿಚ್ ತಿಂದು ಬೇಜಾರಾಗಿದ್ದರೆ ಪೋರ್ಟೊಬೆಲ್ಲೊ ರಸ್ತೆಯ ಗಾರ್ಸಿಯಾ ಅಂಗಡಿಗೆ ಹೋಗಿ ಬನ್ನಿ. 1957ರಿಂದ ಇರುವ ಸ್ಪೇನ್ ದಿನಸಿ ಅಂಗಡಿ. ಅದೇ ರಸ್ತೆಯಲ್ಲಿ ಸ್ಪ್ಯಾನಿಷ್ ಶಾಲೆಯೂ ಇದೆ, ಹಾಗಾಗಿ ಆ ಕಡೆಯ ಜನರ ಓಡಾಟ ಜಾಸ್ತಿ. ಶನಿವಾರ ಮಾತ್ರ ಬೇಡ. ಹಳೇ ಸಾಮಾನಿನ ಸಂತೆ ಇರುತ್ತದೆ, ಕಾಲಿಡೋಕೂ ಜಾಗ ಸಿಗಲ್ಲ.

ಇಂಥ ಅಂಗಡಿಗಳಲ್ಲಿ ಒಳಗೆ ಹೋಗುತ್ತಿದ್ದ ಹಾಗೇ ಹಂದಿಯ ತೊಡೆಗಳು ಗೊರಸಿನ ಸಮೇತ ತೂಗಾಡುತ್ತಿರುತ್ತವೆ. ಅದೇ ಹಮೋನ್, ಉಪ್ಪು ಹಾಕಿ ತಿಂಗಳುಗಟ್ಟಲೆ ಒಣಗಿಸಿದ ಮಾಂಸ. ನೋಡಲು ಆಗದವರು ಗಾಜಿನ ಕೌಂಟರ್ ಕಡೆ ಮುಖ ಮಾಡಿ ನಿಲ್ಲಿ.

ಸಸ್ಯಾಹಾರಿಗಳಿಗೆ ನಿಜವಾದ ತೊಂದರೆ ಆ ಕೌಂಟರಿನಲ್ಲೇ. "ಮೀಟ್ ಇದೆಯಾ?" ಎಂದು ಕೇಳಿದರೆ ಸಾಲದು. ಹ್ಯಾಮ್ ಇದೆಯಾ, ಚೊರಿಸೊ (ಹಂದಿ ಮಾಂಸದ ಸಾಸೇಜ್) ಇದೆಯಾ, ಮೀನು ಇದೆಯಾ, ಹೀಗೆ ಒಂದೊಂದಾಗಿ ಕೇಳಿ. ಕ್ರೊಕೆಟಾ ನೋಡಲು ಆಲೂ ಬೋಂಡಾ ಥರಾನೇ, ಒಳಗಿನ ಬಿಳಿ ಸಾಸಿನಲ್ಲಿ ಮಾತ್ರ ಹ್ಯಾಮ್ ಚೂರು ಇರುವುದೇ ಹೆಚ್ಚು. ಎಂಪನಾಡಾ ಎಂಬ ಹೂರಣ ತುಂಬಿದ ಕಡುಬಿನಂಥ ತಿಂಡಿಯಲ್ಲಿ ಹೆಚ್ಚಾಗಿ ಟ್ಯೂನಾ ಮೀನು. ಹಸಿರು ಆಲಿವ್ ಒಳಗೂ ಆಂಚೋವಿ ಮೀನು ತುಂಬಿರಬಹುದು. ಬೇಳೆ, ಕಡಲೆ ಎಂದು ನಂಬಬೇಡಿ, ಹೆಚ್ಚಾಗಿ ಚೊರಿಸೊ ಹಾಕಿಯೇ ಬೇಯಿಸಿರುತ್ತಾರೆ. ಮಾಂಚೆಗೊ ಚೀಸ್ ಕುರಿ ಹಾಲಿನದು. ಹಾಲು ಒಡೆಸಲು ಸಾಮಾನ್ಯವಾಗಿ ಪ್ರಾಣಿಯ ರೆನೆಟ್ (ಎಳೆ ಕರು, ಕುರಿಮರಿಗಳ ಹೊಟ್ಟೆಯಿಂದ ತೆಗೆದ ಹೆಪ್ಪು) ಬಳಸುತ್ತಾರೆ, ಕಟ್ಟುನಿಟ್ಟಿನವರು ಬಿಟ್ಟುಬಿಡಿ.

ಅಲರ್ಜಿ ಪಟ್ಟಿ ತೋರಿಸಿದರೆ ಸಮಾಧಾನ ಪಡಬೇಡಿ. ಇಲ್ಲಿನ ಕಾನೂನಿನಲ್ಲಿ ಹೇಳಲೇಬೇಕಾದ ಅಲರ್ಜಿ ಪದಾರ್ಥ 14. ಮೊಟ್ಟೆ, ಹಾಲು, ಮೀನು ಅದರಲ್ಲಿವೆ, ಹಂದಿ ಮಾಂಸ ಇಲ್ಲ! ಅಂಗಡಿಯಲ್ಲೇ ಮಾಡಿ ಮೊದಲೇ ಪ್ಯಾಕ್ ಮಾಡಿಟ್ಟ ತಿಂಡಿಯಾದರೆ ಸುಲಭ. 2021ರ ಅಕ್ಟೋಬರ್‌ನಿಂದ ಅದರ ಮೇಲೆ ಪೂರ್ತಿ ಸಾಮಗ್ರಿ ಬರೆದಿರಲೇಬೇಕು, ಓದಿ ತಗೊಳ್ಳಿ.

ಹಾಗಾದರೆ ತಿನ್ನೋದೇನು? ಪಾನ್ ಕೊನ್ ತೊಮಾತೆ ಸಿಕ್ಕರೆ ಬಿಡಬೇಡಿ. ಸುಟ್ಟ ಬ್ರೆಡ್ಡಿಗೆ ಹಣ್ಣು ಟೊಮೆಟೊ ಉಜ್ಜಿ, ಆಲಿವ್ ಎಣ್ಣೆ, ಉಪ್ಪು ಹಾಕಿರುತ್ತಾರೆ. ಬ್ರೆಡ್ಡಿನ ಅಂಚು ಕರಕರ, ನಡುವೆ ರಸ ಹೀರಿ ಮೆತ್ತಗೆ. ಕೆಲವರು ಬೆಳ್ಳುಳ್ಳಿಯನ್ನೂ ಉಜ್ಜುತ್ತಾರೆ. ಮೊಟ್ಟೆ ತಿನ್ನುವವರು ತೊರ್ತಿಯಾ ಕೇಳಿ. ಎಣ್ಣೆಯಲ್ಲಿ ಬೆಂದ ಆಲೂಗಡ್ಡೆಯ ದಪ್ಪ ಆಮ್ಲೆಟ್ ಅದು, ಒಂದು ತುಂಡಿಗೇ ಹೊಟ್ಟೆ ತುಂಬುತ್ತದೆ. ಮಾಂಸಾಹಾರಿಗಳು, ಅದರಲ್ಲೂ ಕೊಡಗಿನವರು, ಬರೋ (Borough) ಎಂಬ ಮಾರ್ಕೆಟ್ಟಿನಲ್ಲಿರುವ ಬ್ರಿಂಡಿಸಾ ಅನ್ನೋ ಸ್ಪೇನ್ ಅಂಗಡಿಯಲ್ಲಿ ಚೊರಿಸೊ ರೋಲ್ ತಿನ್ನಿ. ಕೆಂಡದಂತೆ ಕೆಂಪಗಿನ ಸಾಸೇಜ್, ಸುಟ್ಟ ಪಿಕಿಯೊ ಮೆಣಸಿನಕಾಯಿ. ಸೋಮವಾರ ಮಾರ್ಕೆಟ್ ಮುಚ್ಚಿರುತ್ತದೆ.

ಬಿಲ್ ಮಾಡುವಾಗ "ಇಲ್ಲೇ ತಿಂತೀರಾ, ಕಟ್ಟಿ ಕೊಡ್ಲಾ?" ಎಂದು ಕೇಳುತ್ತಾರೆ. ಸುಮ್ನೆ ಕೇಳೋದಲ್ಲ. ಕೂತು ತಿಂದರೆ 20% ವ್ಯಾಟ್, ತಣ್ಣನೆಯ ತಿಂಡಿ ಕಟ್ಟಿಸಿಕೊಂಡರೆ ಹೆಚ್ಚಾಗಿ ತೆರಿಗೆ ಇಲ್ಲ. ಬಿಸಿಲಿದ್ದರೆ ಕಟ್ಟಿಸಿಕೊಂಡು ಹೊರಗೆ ಹೋಗೋದೇ ವಾಸಿ.

ಬರುವಾಗ ಒಂದು ಡಬ್ಬಿ ಪಿಮೆಂತೋನ್ ದೆ ಲಾ ವೆರಾ ತನ್ನಿ. ಓಕ್ ಸೌದೆಯ ಹೊಗೆಯಲ್ಲಿ ಒಣಗಿಸಿದ ಮೆಣಸಿನ ಪುಡಿ, ಆಲೂಗಡ್ಡೆ ಪಲ್ಯಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಡಬ್ಬಿಯ ಮೇಲೆ ದುಲ್ಸೆ ಎಂದಿದ್ದರೆ ಖಾರವಿಲ್ಲದ್ದು, ಪಿಕಾಂತೆ ಎಂದಿದ್ದರೆ ಖಾರದ್ದು. ಖಾರ ಅಂದರೆ ಅವರ ಲೆಕ್ಕದಲ್ಲಿ. ಗುಂಟೂರು ಪುಡಿಯನ್ನೂ ಒಂದು ಚಿಟಿಕೆ ಹಾಕಿಕೊಳ್ಳಿ.