ಬೀದಿಯ ಗಾಳಿಯನ್ನು ನೀರಿನಲ್ಲಿ ಅಳೆದ ಅನುಭವ

ಕಟ್ಟಡಗಳ ನಡುವೆ ಹೊಗೆ ಎಲ್ಲಿ ಕಟ್ಟಿಕೊಳ್ಳುತ್ತದೆ ಎಂದು ನೋಡಲು ಮಾದರಿಗಳ ಮೇಲೆ ಗಾಳಿ ಹಾಯಿಸುವ ಗಾಳಿ ಸುರಂಗವೇ ಬೇಕಿಲ್ಲ. ಕಟ್ಟಡದ ಬದಲು ಬ್ಲಾಕು ಇಟ್ಟು, ಹೊಗೆಯ ಬದಲು ಬಣ್ಣ ಬಿಟ್ಟರೆ ನೀರಿನ ಕಾಲುವೆ ಸಾಕು. ನಂಬದವರೇ ಹೆಚ್ಚಿದ್ದರು. ನೀರಿನ ಕೈನೆಮ್ಯಾಟಿಕ್ ಸ್ನಿಗ್ಧತೆ, ಅಂದರೆ ಸಾಂದ್ರತೆಗೆ ಹೋಲಿಸಿದ ಅಂಟುತನ, ಗಾಳಿಯದರ ಸುಮಾರು ಹದಿನೈದನೇ ಒಂದು ಪಾಲು. 6 ಸೆಂ.ಮೀ. ಎತ್ತರದ ಬ್ಲಾಕು, ಸೆಕೆಂಡಿಗೆ 20 ಸೆಂ.ಮೀ. ಹರಿವು ಇದ್ದರೆ ರೆನಾಲ್ಡ್ಸ್ ಸಂಖ್ಯೆ (ಹರಿವಿನ ರಭಸ ಸ್ನಿಗ್ಧತೆಯ ತಡೆಗಿಂತ ಎಷ್ಟು ಹೆಚ್ಚು ಎನ್ನುವ ಅಳತೆ) 12,000ದ ಹತ್ತಿರ ಬರುತ್ತದೆ. ಕಟ್ಟಡದ ಎತ್ತರ, ಬೀದಿಯ ಅಗಲ ಸಮ ಇದ್ದರೆ ನಿಜವಾದ ಬೀದಿಯ ಹರಿವನ್ನು ಹೋಲಲು ಇಷ್ಟು ಸಾಕು. ಎತ್ತರ ಅಗಲದ ಎರಡರಷ್ಟಾದರೆ ಸಾಲದು. ಆ ಫಲಿತಾಂಶಗಳನ್ನು ನಾನೇ ಬದಿಗಿಟ್ಟಿದ್ದೇನೆ.

ದುಡ್ಡು ನುಂಗಿದ್ದು ಪಂಪು. ಕಾಲುವೆ 30 ಸೆಂ.ಮೀ. ಅಗಲ, ನೀರು 30 ಸೆಂ.ಮೀ. ಆಳ ಎಂದರೆ ಸೆಕೆಂಡಿಗೆ 18 ಲೀಟರ್ ಓಡಬೇಕು. ಮೊದಲು ತಂದದ್ದು ನೀರನ್ನು ಮೇಲಕ್ಕೆ ದೂಡುವ ಹೈ ಹೆಡ್ ಪಂಪು, ಅದು ದಂಡವಾಯಿತು. ಬೇಕಿದ್ದದ್ದು ಹೆಡ್ (ನೀರೆತ್ತುವ ಎತ್ತರ) ಕಡಿಮೆ, ಡಿಸ್ಚಾರ್ಜ್ (ಹರಿಸುವ ನೀರು) ಜಾಸ್ತಿ ಇರುವ ಪ್ರೊಪೆಲರ್ ಪಂಪು. ಎರಡೂ ಸೇರಿ ಒಟ್ಟು ಖರ್ಚಿನ ಅರ್ಧ ದಾಟಿತು. ಹರಿವು ನೇರ ಮಾಡಲು ಒತ್ತೊತ್ತಾಗಿ ಜೋಡಿಸಿದ ಸ್ಟ್ರಾಗಳು, ಆಮೇಲೆ ನಿಜವಾದ ಗಾಳಿಯಂತೆ ತಳದಲ್ಲಿ ಹರಿವು ನಿಧಾನವಾಗಲು ತ್ರಿಕೋನ ರೆಕ್ಕೆಗಳು, ಜಲ್ಲಿಯ ಹಾಸು. ರೆಕ್ಕೆಯ ಅಳತೆ ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಮರದ ಬ್ಲಾಕುಗಳು ಎರಡೇ ದಿನದಲ್ಲಿ ಉಬ್ಬಿ, ತಳದಲ್ಲಿ ಸಂದು ಬಿಟ್ಟವು. ಬಣ್ಣ ಆ ಸಂದಿನಲ್ಲೇ ಪಕ್ಕದ ಬೀದಿಗೆ ನುಸುಳಿತು. ಕಪ್ಪು ಅಕ್ರಿಲಿಕ್‌ಗೆ ಬದಲಾಯಿಸಿದ ಮೇಲೆ ಆ ಕಾಟ ತಪ್ಪಿತು. ಮೊದಲ ಬೀದಿಯಲ್ಲಿ ಅಳೆಯಬೇಡಿ. ಹರಿವು ಬರುವ ಕಡೆ ಐದಾರು ಸಾಲು ಬ್ಲಾಕು ಇದ್ದರೇ ಬೀದಿಯೊಳಗೆ ತಿರುಗುವ ಸುಳಿ ಸ್ಥಿರವಾಗುವುದು.

ಹೆಚ್ಚು ಕಾಡಿದ್ದು ಫ್ಲೋರೆಸೀನ್, ಅಂದರೆ ನೀಲಿ ಬೆಳಕು ಬಿದ್ದಾಗ ಹಸಿರಾಗಿ ಹೊಳೆಯುವ ಬಣ್ಣ. ಬೀದಿಯ ತಳದ ಹಿತ್ತಾಳೆ ಕೊಳವೆಗೆ ಸೂಜಿಗಾತ್ರದ ತೂತು ಕೊರೆದು ಬಿಟ್ಟರೆ ಬಣ್ಣ ಕಾರಂಜಿಯಂತೆ ಛಾವಣಿ ಮಟ್ಟಕ್ಕೆ ಚಿಮ್ಮಿ ಸುಳಿಯನ್ನೇ ಒಡೆಯಿತು. ತೂತುಗಳ ಮೇಲೆ ತೆಳು ಪಟ್ಟಿ ಹೊದಿಸಿದಾಗ ಪಟ್ಟಿಯ ಎರಡೂ ಅಂಚಿನಿಂದ ಬಣ್ಣ ಮೆಲ್ಲಗೆ ಒಸರತೊಡಗಿತು. ಬಣ್ಣವನ್ನು ಕಾಲುವೆಯ ನೀರಿನಲ್ಲೇ ಕಲಸಿ. ಒಂದೆರಡು ಡಿಗ್ರಿ ತಣ್ಣಗಿದ್ದರೂ ನೆಲಕ್ಕಂಟಿ ಹರಿಯುತ್ತದೆ, ಬಿಸಿಯಿದ್ದರೆ ತೇಲುತ್ತದೆ. ನಲ್ಲಿ ನೀರಿನ ಕ್ಲೋರಿನ್ ಬಣ್ಣ ತಿನ್ನುತ್ತದೆ, ಆದ್ದರಿಂದ ಚಿಟಿಕೆ ಸೋಡಿಯಂ ಥಯೋಸಲ್ಫೇಟ್ ಹಾಕಿ. ಪಿಎಚ್ 8ರ ಮೇಲಿರಲಿ, ಇಳಿದರೆ ಹೊಳಪು ಸಾಯುತ್ತದೆ. ಅದೇ ನೀರು ಸುತ್ತುವುದರಿಂದ ಹಿನ್ನೆಲೆ ಬಣ್ಣ ಏರುತ್ತಲೇ ಇರುತ್ತದೆ. ಪ್ರತಿ ಓಟಕ್ಕೂ ಮೊದಲು, ಕೊನೆಗೆ ಬಣ್ಣ ಬಿಡದೆ ಖಾಲಿ ಚಿತ್ರ ತೆಗೆದು, ಅದರ ಹೊಳಪನ್ನು ಅಳತೆಯಿಂದ ಕಳೆಯಲೇಬೇಕು.

ತೆಳು ಹಾಳೆಯಂತೆ ಬೀಳುವ ನೀಲಿ ಎಲ್ಇಡಿ ಬೆಳಕು, ಕ್ಯಾಮೆರಾಗೆ ಕಿತ್ತಳೆ ಫಿಲ್ಟರ್, ಎಕ್ಸ್‌ಪೋಷರ್ ಮ್ಯಾನುವಲ್, ರಾ ಫೈಲ್. ಬಣ್ಣ ದಟ್ಟವಾದರೆ ಬೆಳಕನ್ನೇ ಹೀರಿ ಲೆಕ್ಕ ಕೆಡಿಸುತ್ತದೆ. ಒಂದೇ ಚಿತ್ರ ನಂಬಬೇಡಿ, ಕನಿಷ್ಠ ಐನೂರರ ಸರಾಸರಿ ಬೇಕು.

ಹರಿವು ಬೀದಿಗೆ ಅಡ್ಡವಾಗಿದ್ದಾಗ ಗಾಳಿಗೆ ಬೆನ್ನು ಹಾಕಿದ ಗೋಡೆಯ (ಹರಿವು ಬರುವ ಕಡೆಯ ಕಟ್ಟಡದ ಗೋಡೆಯ) ಬುಡದಲ್ಲಿ, ಎದುರು ಗೋಡೆಗಿಂತ ಮೂರು ಪಟ್ಟಿನಷ್ಟು ಬಣ್ಣ ಸಿಕ್ಕಿತು. ಸುಳಿ ತಳದಲ್ಲಿ ಹಿಮ್ಮುಖವಾಗಿ ಹರಿದು ಎಲ್ಲವನ್ನೂ ಅಲ್ಲಿಗೇ ಗುಡಿಸುತ್ತದೆ. ಗಾಳಿ ಸುರಂಗದವರ ಅಂಕಿಗಳೂ ಇದೇ ಆಸುಪಾಸಿನವು. ಆಮೇಲೆ ಯಾರೂ ಮಾತಾಡಲಿಲ್ಲ.

ಮರಗಳ ಬದಲಿಗೆ ರಂಧ್ರಗಳಿರುವ ಸ್ಪಂಜಿನ ಪಟ್ಟಿ ತೂಗುಹಾಕಿಯೂ ನೋಡಿದೆ. ಬೆನ್ನಿನ ಗೋಡೆಯಲ್ಲಿ ಬಣ್ಣ ಇನ್ನೂ ಏರಿತು, ಎದುರು ಗೋಡೆಯಲ್ಲಿ ತುಸು ಇಳಿಯಿತು. ಸ್ಪಂಜನ್ನು ಮೊದಲು ನೀರೊಳಗೇ ಹಿಂಡಿ. ಗುಳ್ಳೆ ಉಳಿದರೆ ಚಿತ್ರದಲ್ಲಿ ಬಣ್ಣದ ಹಾಗೇ ಹೊಳೆಯುತ್ತವೆ.